ಎರಡು ಚಮಚ ನೀರು

ಕೆಳಗಿನ ವಾರ್ಡಿನಲ್ಲಿ ಮಲಗಿದ್ದ ಮಗನಿಗೆಂದು ಹಾಲಿನ ಫ್ಲಾಸ್ಕು ಹಿಡಿದು ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ತಾಯಿಯ ಕಿವಿಗೆ, ಮುಂದೆ ನಿಂತಿದ್ದ ಹಿರಿಯ ನರ್ಸ್ ಮತ್ತು ಲಕ್ವ ಹೊಡೆದವರಿಗೆ ನುಂಗುವುದನ್ನು ಕಲಿಸುವ ಥೆರಪಿಸ್ಟ್ ಹುಡುಗಿಯ ಮಾತು ಬಿತ್ತು.

"ಆ ಲಕ್ವದ ತಾತನ ಬಾಯಿಗೆ ನೀರು ಹಾಕಬೇಡಿ ಅಂತ ಸೋಮವಾರವೇ ಬರೆದಿದ್ದೆ, ಸಿಸ್ಟರ್."

"ಎಲ್ಲಿ ಬರೆದೆಯಮ್ಮ?"

"ನಮ್ಮ ಥೆರಪಿ ಫೈಲಲ್ಲಿ."

"ನಾವು ನೋಡೋದು ಡಾಕ್ಟರ ಫೈಲು ಕಣೇ. ಬಾಯಾರಿಕೆ ಅಂತ ಕೈ ಮುಗಿದ್ರು, ಎರಡೇ ಚಮಚ ಕುಡಿಸಿದೆ."

"ಅದು ಶ್ವಾಸಕೋಶಕ್ಕೆ ಇಳೀತು."

"ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ಹರಸಿದ್ರು ಕಣೇ ನನ್ನ. ಮೂರೇ ದಿನಕ್ಕೆ ಹೋಗ್ಬಿಟ್ರು."

"ನಾನು ನಾಲ್ಕು ಹೆಜ್ಜೆ ನಡೆದು ಬಂದು ಬಾಯಲ್ಲೇ ಹೇಳಿದ್ರೆ ಆಗ್ತಿತ್ತು."

"ಅವರ ಮಗಳು ಕೆಳಗೆ ಕೂತಿದ್ದಾಳೆ. ಹೀಗ್ಯಾಕಾಯ್ತು ಅಂತ ಕೇಳ್ತಿದ್ದಾಳೆ."

"ನಡೀರಿ, ಇಬ್ರೂ ಹೋಗಿ ಹೇಳೋಣ."

ಲಿಫ್ಟ್ ಬಂತು. ನರ್ಸಿನ ಕೈ ಹಿಡಿದುಕೊಂಡೇ ಹುಡುಗಿ ಒಳಗೆ ಹೋದಳು. ಜಾಗವಿದ್ದರೂ ತಾಯಿ ಹತ್ತಲಿಲ್ಲ; ಮಗನಿಗೆ ಹಾಲು ಕುಡಿಸಬಹುದೇ ಎಂದು ಮೊದಲು ಡಾಕ್ಟರನ್ನೇ ಕೇಳಲು ಫ್ಲಾಸ್ಕು ಹಿಡಿದು ಹಿಂದಿರುಗಿದಳು.