ಕಾಚಂಪುಳಿ ಬಾಟ್ಲಿಯ ಬ್ರೇಕ್ ಆಯಿಲ್

ಅಲ್ಲ ಸುಮಂತ, ಆ ಡಬ್ಬಿ ಮುಚ್ಚಳ ಮೊದ್ಲು ಹಾಕು ಮಗ, ಬಾಯಿ ತೆಕ್ಕೊಂಡು ಕೂತಿದೆ. ಬ್ರೇಕ್ ಆಯಿಲು ಗಾಳೀಲಿರೋ ತೇವಾನೆಲ್ಲ ಕುಡಿಯುತ್ತೆ. ಅಜ್ಜಿಗೆ ಹೆಂಗೆ ಗೊತ್ತು ಅಂತೀಯ? ನಿಮ್ಮ ತಾತನ್ನ ಕಟ್ಕೊಂಡೋಳಿಗೆ ಗೊತ್ತಾಗ್ದೆ ಇರುತ್ತಾ! ಅವ್ರು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದಾಗ ಒಂದು ಹಳೇ ಕಾರು ತಗೊಂಡ್ರು, ಎಷ್ಟು ಕೈ ದಾಟಿ ಬಂದಿತ್ತೋ ದೇವ್ರಿಗೇ ಗೊತ್ತು. ಬಾಗ್ಲು ಹಗ್ಗದಲ್ಲಿ ಕಟ್ಬೇಕು, ಆದ್ರೂ ಒಳಗೆ ಮಹಾರಾಜನ ಥರ ಕೂರೋರು. ಒಂದ್ಸಲ ಬ್ರೇಕ್ ಆಯಿಲ್ ಡಬ್ಬಿ ತೂತಾಯ್ತು. ಇವ್ರೇನ್ ಮಾಡಿದ್ರು, ಅಡುಗೆಮನೇಲಿದ್ದ ಖಾಲಿ ಕಾಚಂಪುಳಿ ಬಾಟ್ಲಿ ತೊಳ್ದು, ತೊಳ್ದೇನು ಬಂತು, ನೀರು ಹಾಕಿ ಕುಲುಕಿ ಚೆಲ್ಲಿದ್ರು ಅಷ್ಟೆ, ಅದಕ್ಕೆ ಸುರಿದು ಬಟ್ಟೆ ಬಿರಡೆ ಹಾಕಿಟ್ರು. "ರೀ, ಮೀನು ಸಾರಿಗೆ ಹಾಕೋ ಹುಳಿ ಇದ್ದ ಬಾಟ್ಲಿ ಅದು" ಅಂದೆ. "ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು!" ಮಳೆಗಾಲ ಪೂರ್ತಿ ಅಲ್ಲೇ ಇತ್ತು, ಆಮೇಲೆ ಅದನ್ನೇ ಕಾರಿಗೆ ಹಾಕಿದ್ರು.

ಆಗ್ಲೇ ನೋಡು ಶಿರಂಗಾಲದಿಂದ ಹೇಳಿಕಳಿಸಿದ್ರು, ನಮ್ಮವ್ವಂಗೆ ತೀರಾ ಹುಷಾರಿಲ್ಲ, ಮಗಳು ಎಲ್ಲಿ ಮಗಳು ಎಲ್ಲಿ ಅಂತಿದಾಳೆ ಅಂತ. ಹೊರಟ್ವಿ. ಸುಂಟಿಕೊಪ್ಪ ದಾಟಿ ಇಳಿಜಾರಲ್ಲಿ ಬ್ರೇಕ್ ಒತ್ತಿ ಒತ್ತಿ ಹೋಗ್ತಾ ಇದ್ದೋರು ಇದ್ದಕ್ಕಿದ್ದಂಗೆ "ಅಯ್ಯೋ, ಪೆಡಲ್ ನೆಲಕ್ಕೇ ಹೋಯ್ತಲ್ಲೇ!" ಅಂದ್ರು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಪಕ್ಕದ ದಿಬ್ಬದ ಮಣ್ಣಿಗೆ ಕಾರು ಉಜ್ಜಿ ಹೆಂಗೋ ನಿಲ್ಲಿಸಿದ್ರು. ತೆಗೆದು ನೋಡಿದ್ರೆ ಆಯಿಲು ಕಾಫಿ ಗಸಿ ಥರ ಕಪ್ಪು. ಅದ್ರಲ್ಲಿದ್ದ ನೀರು ಬಿಸಿಗೆ ಕುದ್ದು ಆವಿಯಾಗಿತ್ತಂತೆ. ನಾನು ರಸ್ತೆ ಪಕ್ಕ ಕೂತು ಅತ್ತೆ. ಅವ್ವ ಕಣ್ಣು ಮುಚ್ಚಿಬಿಟ್ರೆ ಅನ್ನೋದೊಂದೇ ತಲೇಲಿ.

ತಾತ ಬಯ್ಲಿಲ್ಲ, ಸಮಾಧಾನಾನೂ ಮಾಡ್ಲಿಲ್ಲ. ಲಾರಿ ಹತ್ತಿ ಸುಂಟಿಕೊಪ್ಪಕ್ಕೆ ಹೋಗಿ ಸೀಲ್ ಒಡೀದಿರೋ ಹೊಸಾ ಆಯಿಲ್ ತಂದ್ರು. ಚಕ್ರಕ್ಕೆ ಕಲ್ಲು ಕೊಟ್ಟು ಕಾರಡಿ ಮಲಗಿದ್ರು. ಮೇಲಿಂದ ಹೊಸದು ಸುರಿಯೋಳು ನಾನೇ, ಪೆಡಲ್ ಒತ್ತೋಳೂ ನಾನೇ. ಹಳೇದೆಲ್ಲ ಗುಳ್ಳೆ ಗುಳ್ಳೆಯಾಗಿ ಕೆಳಗೆ ಬರೋದು. "ಒತ್ತು… ಹಿಡ್ಕೋ… ಬಿಡು. ನಾನು ಬಿಡು ಅನ್ನೋ ತನಕ ಬಿಡ್ಬೇಡ ಮಾರಾಯ್ತಿ, ಗಾಳಿ ಒಳಗೆ ಹೋಗುತ್ತೆ! ಅಳು ನಿಲ್ಸು, ನನ್ ಮಾತು ಕೇಳಲ್ಲ ನಿಂಗೆ." ಅಳು ನಿಂತೇ ಹೋಯ್ತು ನೋಡು, ಅವ್ರ ದನಿ ಕೇಳ್ಬೇಕಲ್ಲ!

ದೀಪ ಹಚ್ಚೋ ಹೊತ್ತಿಗೆ ಶಿರಂಗಾಲ ಸೇರಿದ್ವಿ. ಅವ್ವ ನನ್ನ ಕೈ ಮೂಸಿ, "ಇದೇನೇ, ಎಂಥಾ ವಾಸ್ನೆ?" ಅಂದ್ಲು. ಕಾಚಂಪುಳಿ ಕಥೆ ಹೇಳಿದೆ. ಬಾಗ್ಲಲ್ಲಿ ನಿಂತ ಅಳಿಯನ್ನ ನೋಡಿ ನಕ್ಕಳು, ಆ ಸಂಕಟದಲ್ಲೂ. ಮಾರನೇ ದಿನ ಹೋಗ್ಬಿಟ್ಳು. ಆ ನಗು ನಂಗೆ ಸಿಕ್ತಲ್ಲ, ಸಾಕು.

ಈಗ ನೀನು ಕಾರಡಿ ಮಲಗಿದ್ರೆ ಅವ್ರೇ ಮಲಗಿದಂಗೆ ಕಾಣುತ್ತೆ ಕಣೋ. ಕೊನೇ ದಿನ ಆಸ್ಪತ್ರೇಲಿ ನನ್ ಕೈ ಹಿಡ್ಕೊಂಡೇ ಇದ್ರು. ಬಿಡು ಅಂತ ಮಾತ್ರ ಹೇಳ್ಲೇ ಇಲ್ಲ. ನಾನೂ ಬಿಟ್ಟಿಲ್ಲ.

ಹ್ಞೂಂ, ಅದಿರ್ಲಿ. ಬೆಳಿಗ್ಗೆಯಿಂದ ಒಬ್ನೇ ಪೆಡಲ್ ಒತ್ತೋಕೆ ಮೇಲಕ್ಕೂ ಆಯಿಲ್ ಬಿಡೋಕೆ ಕಾರಡೀಗೂ ಹಾರ್ತಿದೀಯಲ್ಲ, ಆಗೋ ಕೆಲಸಾನಾ ಅದು? ಅಲ್ಲಿ ಹೆಂಡ್ತಿ ಮುಖ ಊದಿಸ್ಕೊಂಡು ಒಳಗೆ ಕೂತಿದಾಳೆ. ಹೋಗಿ ಕರಿ. ಮೇಲೆ ಕೂತು ಒತ್ತೋರಿಲ್ದೆ ಯಾವ ಬ್ರೇಕೂ ಹಿಡಿಯಲ್ಲ ಮಗ.