ಬಿಲಸೀಗಡಿಯ ಚಿಮಣಿ

ಸ್ಕಾಟ್ಸ್‌ಡೇಲ್‌ನ ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಹೈನುಗಾರ ಕ್ಲೈವ್, ಅವನ ಜೊತೆ ನೆರೆಯ ವರ್ನಾ.

"ಜೌಗು ನೆಲದಲ್ಲಿ ಬಿಲ ತೋಡೋ ಆ ಅಪರೂಪದ ಬಿಲಸೀಗಡಿ ಉಳೀಲಿ ಅಂತ ಬೇಲಿ ಹಾಕಿದೀನಿ ಕಣೇ. ಒಂದು ಹಸುನೂ ತುಳಿಯಲ್ಲ."

"ಮೇಲಿನ ಜೌಗಿಗೆ ಕಾಲುವೆ ತೋಡಿ ಅವಕ್ಕೆ ಬೇಕಾದ ನೀರೆಲ್ಲ ಬಸಿದ್ಯಲ್ಲೋ, ಪುಣ್ಯಾತ್ಮ?"

"ಅದು ಬೇರೆ ಹೊಲ. ಇಲ್ಲಿ ಬಿಲದ ಬಾಯಿಗೆ ಅವು ಕಟ್ಟಿದ ಮಣ್ಣಿನ ಚಿಮಣಿ ನಲವತ್ತೊಂದೂ ನಿಂತಿವೆ. ಚಿಮಣಿ ಎಣಿಸಿ ಸೀಗಡಿ ಲೆಕ್ಕ ಹಾಕೋರು ನಾಳೆ ಬರ್ತಾರೆ."

"ನಿಂತಿದ್ರೆ ಆಯ್ತಾ? ಒಣಗಿದ ಮಣ್ಣು ವರ್ಷಗಟ್ಲೆ ನಿಲ್ಲುತ್ತೆ. ಒಂದು ಕೆಡವಿ ನೋಡು. ಒಳಗೆ ಜೀವ ಇದ್ರೆ ಮತ್ತೆ ಕಟ್ಟುತ್ತೆ."

ಕ್ಲೈವ್ ಟೋಪಿ ತೆಗೆದ.

"ಕೆಡವಿದ್ದೆ."

"ಕಟ್ತಾ?"

"ಮೂರು ವಾರ ಕಾದೆ."

"ಕಟ್ತೇನೋ?"

ಒಳಗಿನಿಂದ ಅವನ ಹೆಸರು ಕರೆದರು.

"ಇಲ್ಲ ಕಣೇ, ನಾನೇ ಕಟ್ಟಿದೆ," ಎಂದು ಅವನು ಔಷಧಿ ತೆಗೆದುಕೊಳ್ಳಲು ಹೋದ.