ಕಳ್ಳನೇ ಚಾರ್ಜ್ ಮಾಡಿಕೊಟ್ಟ ಮನೆಗಾಡಿ

ಎಲ್ಲರೂ ಟೇಲರಮ್ಮ ಎಂದು ಕರೆಯುವ ನಾನು, ವಯಸ್ಸು ಅರವತ್ತೆರಡು, ಕಸುಬು ಹೊಲಿಗೆ, ವಾಸ ಪ್ರವಾಸಿ ಗಾಡಿಗಳು ತಂಗುವ ಮೈದಾನದ ಒಂಬತ್ತನೇ ಕಂಬದ ಬಳಿಯ ಮನೆಗಾಡಿ, ಪೊಲೀಸರಿಗೆ ಈ ಮೂಲಕ ಬರೆಸುವುದೇನೆಂದರೆ:

ಸದರಿ ಗಾಡಿಯಲ್ಲಿ ನಾನು ಮತ್ತು ನನ್ನ ಅತ್ತಿಗೆ ಎರಡು ವರ್ಷಗಳಿಂದ ಸಂಸಾರ ಹೂಡಿದ್ದೇವೆ. ಇಬ್ಬರೂ ಇದ್ದಬದ್ದ ಮನೆ ಮಾರಿ ಇದನ್ನು ಕೊಂಡೆವು. ಇದು ಹೋದರೆ ನಮಗೆ ಬೇರೆ ಸೂರಿಲ್ಲ.

ಗಾಡಿಗೆ ಎರಡು ಬ್ಯಾಟರಿಗಳಿವೆ. ಒಂದು ದೀಪ, ಫ್ರಿಡ್ಜ್‌ಗಳಿಗೆ, ಇನ್ನೊಂದು ಎಂಜಿನ್‌ಗೆ. ಮೈದಾನದ ಕಂಬದಿಂದ ವೈರ್ ಎಳೆದರೆ ಎರಡೂ ಚಾರ್ಜ್ ಆಗುತ್ತವೆ. ಎಂಜಿನ್ ಬ್ಯಾಟರಿ ಮುದಿಯಾಗಿದ್ದು, ಕರೆಂಟ್ ತಪ್ಪಿದರೆ ಒಂದೇ ದಿನಕ್ಕೆ ಮಲಗಿಬಿಡುತ್ತದೆ. ಆದರೆ ಮನೆ ಬಿಟ್ಟು ಹೊರಟರೆ ಮೇನ್ ಆಫ್ ಮಾಡುವುದು ಅತ್ತಿಗೆಗೆ ಮದುವೆಯಾದಾಗಿನಿಂದ ಬಂದ ಅಭ್ಯಾಸ. ನಿನ್ನೆ ಪೇಟೆಗೆ ಹೋಗುವಾಗ ಕಂಬದ ಸ್ವಿಚ್ ಆರಿಸಿದವರು ಮತ್ತೆ ಹಾಕಲಿಲ್ಲ. ಇಂದು ಬೆಳಿಗ್ಗೆ ಫ್ರಿಡ್ಜ್ ನಿಂತು ಹಾಲು ಒಡೆದಿತ್ತು. ಇದು ಮನೆಯಲ್ಲ, ಗಾಡಿ ಎಂದು ನಾನು ಕೂಗಾಡಿದೆ. ಗಾಡಿ ಆದ್ರೆ ದಿನಾ ಯಾಕೆ ಕಸ ಗುಡಿಸ್ತೀಯೇ ಎಂದು ಅತ್ತಿಗೆ ಕೇಳಿದರು. ಆರಿಸಿದವರೇ ಹಾಕಲಿ ಎಂದು ನಾನು ಸ್ವಿಚ್ ಮುಟ್ಟಲಿಲ್ಲ.

ಹತ್ತು ಗಂಟೆಗೆ ಇನ್ನೂರು ಮೀಟರ್ ದೂರದ ಬಟ್ಟೆ ಒಗೆಯುವ ಕೋಣೆಗೆ ಹೋದೆವು. ಎಂಜಿನ್ ಕೀ ಸಮೇತ ಬೀಗದಕೈ ಬಾಗಿಲಲ್ಲೇ ಬಿಟ್ಟಿದ್ದು ನಾನು. ಇದನ್ನು ಬರೆಯದಿದ್ದರೂ ನಡೆಯುತ್ತದೆ ಎಂದೆ, ಪೇದೆಯವರು ಬರೆದುಕೊಂಡರು.

ಹನ್ನೊಂದಕ್ಕೆ ಹಿಂದಿರುಗಿದಾಗ, ಇಸ್ತ್ರಿ ಅಂಗಿ ತೊಟ್ಟ ಅಪರಿಚಿತನೊಬ್ಬ ನಮ್ಮ ಗಾಡಿಯ ಬಾನೆಟ್ ಎತ್ತಿ ಬೆವರುತ್ತಿದ್ದ. ನಮ್ಮನ್ನು ನೋಡಿ, ಅಮ್ಮಾ ನನ್ನ ಗಾಡಿ ಸ್ಟಾರ್ಟೇ ಆಗ್ತಿಲ್ಲ, ಇಲ್ಲಿ ಯಾರಾದ್ರೂ ಮೆಕ್ಯಾನಿಕ್ ಇದ್ದಾರಾ ಎಂದು ಕೇಳಿದ. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ತೋಳು ಚಿವುಟಿದೆ. ಅವರ ತೋಳಿನ ಮೇಲಿನ ಗುರುತು ಆರೋಪಿಯಿಂದ ಆದದ್ದಲ್ಲ. ಫೋನ್‌ಗಳು ಗಾಡಿಯೊಳಗಿದ್ದವು. ಆದ್ದರಿಂದ ಮೆಕ್ಯಾನಿಕ್ ಕರೆತರುವ ನೆಪದಲ್ಲಿ ಅತ್ತಿಗೆಯನ್ನು ಪೊಲೀಸರಿಗೆ ಫೋನ್ ಮಾಡಲು ಮೈದಾನದ ಕಚೇರಿಗೆ ಓಡಿಸಿದೆ.

ಅಲ್ಲಿಯವರೆಗೆ ಚಾರ್ಜ್ ಮಾಡಪ್ಪಾ, ನಾನು ಹೇಳ್ಕೊಡ್ತೀನಿ ಎಂದು ಆತನಿಗೆ ತಿಳಿಸಿದೆ. ಮೊದಲು ಬ್ಯಾಟರಿಯ ತುದಿಗಳಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಉಜ್ಜಿಸಿದೆ. ಈ ಕೆಲಸಕ್ಕೆ ಎರಡು ತಿಂಗಳಿಂದ ಜನ ಸಿಕ್ಕಿರಲಿಲ್ಲ. ಸುತ್ತಿಟ್ಟ ವೈರ್ ಬಿಸಿಯಾಗುತ್ತದೆಂದು ಅದನ್ನು ಪೂರ್ತಿ ಬಿಡಿಸಿ ಹಾಸುವಂತೆ ಹೇಳಿದೆ. ಬಳಿಕ ಕಂಬದ ಸ್ವಿಚ್ ಹಾಕಿಸಿದೆ. ಚಾರ್ಜರಿನ ಹಸಿರು ದೀಪ ಬರುವ ಮುಂಚೆ ಕೀ ಮುಟ್ಟಿದರೆ ಎಂಜಿನ್ ಸುಟ್ಟುಹೋಗುತ್ತದೆ ಎಂದೆ. ಇದು ಸುಳ್ಳು. ಕಾಯುವಾಗ ಸುಮ್ಮನೆ ಕೂರುವುದೇಕೆಂದು ಒದ್ದೆ ಹೊದಿಕೆಯ ಇನ್ನೊಂದು ತುದಿ ಹಿಡಿಸಿ ಹಿಂಡಿಸಿದೆ. ಚೆನ್ನಾಗಿಯೇ ಹಿಂಡಿದ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ದೀಪ ಇನ್ನೂ ಹಳದಿಯಾಗಿದ್ದಾಗಲೇ ಆತ ತಾಳ್ಮೆಗೆಟ್ಟು ಒಳಗೆ ಕುಳಿತು ಕೀ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ವೈರ್ ಬಿಚ್ಚದೆ ಹೊರಟ್ರೆ ಕಂಬಾನೇ ಕಿತ್ಕೊಂಡು ಬರುತ್ತೆ ಕಣಪ್ಪಾ ಎಂದು ಕೂಗಿದೆ. ಅಯ್ಯೋ ಮರೆತಿದ್ದೆ ಅಮ್ಮಾ ಎಂದು ಇಳಿದ. ಮಣ್ಣು ಒರೆಸಿ ಸುತ್ತು ಎಂದೆ. ಆತ ಒರೆಸಿ ಸುತ್ತುತ್ತಿದ್ದಾಗ ಎಂಜಿನ್ ಆರಿಸಿ, ಬೀಗದಕೈ ಕಿತ್ತು, ನನ್ನ ಕುಪ್ಪಸದೊಳಗೆ ಹಾಕಿಕೊಂಡೆ.

ಅಷ್ಟರಲ್ಲಿ ತಮ್ಮ ಜೀಪು ಬಂತು. ಮುಂದಿನ ಸೀಟಿನಲ್ಲಿ ಅತ್ತಿಗೆ, ಮೆರವಣಿಗೆಯಲ್ಲಿ ಬಂದಂತೆ ಕುಳಿತಿದ್ದರು. ಇದು ನನ್ನದೇ ಗಾಡಿ ಸಾರ್, ಬೇಕಾದ್ರೆ ಈ ಅಮ್ಮನ್ನೇ ಕೇಳಿ, ಬೆಳಿಗ್ಗೆಯಿಂದ ನೋಡ್ತಿದ್ದಾರೆ ಎಂದು ಆತ ನನ್ನನ್ನೇ ಸಾಕ್ಷಿಗೆ ಕರೆದ. ನಾನು ಬೀಗದಕೈ ಹೊರತೆಗೆದು, ಹೌದು, ಎಲ್ಲಾ ನೋಡಿದ್ದೀನಿ, ಗಾಡಿ ನಮ್ಮದು ಎಂದು ಹೇಳಿದೆ. ಇಂಥ ಖುಷಿ ನನಗೆ ಈ ಜನ್ಮದಲ್ಲಿ ಆಗಿರಲಿಲ್ಲ. ಸ್ವಿಚ್ ಆರಿಸದೇ ಹೋಗಿದ್ರೆ ಇವನು ಹತ್ತೂಕಾಲಿಗೇ ಊರು ಬಿಟ್ಟಿರ್ತಿದ್ದ ಕಣೇ ಎಂದು ಅತ್ತಿಗೆ ಎಲ್ಲರೆದುರು ಹೇಳಿದರು. ಇದನ್ನೂ ಪೇದೆಯವರು ಬರೆದುಕೊಂಡರು.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಇದರಲ್ಲಿರುವುದೆಲ್ಲ ಸತ್ಯ. ಮೊದಲು ಬರೆದಿದ್ದ ‘ಅಸಹಾಯಕ ವೃದ್ಧೆಯರು’ ಎಂಬ ಎರಡು ಪದಗಳನ್ನು ಹೊಡೆದುಹಾಕಿಸಿದ ಮೇಲೆ ರುಜು ಮಾಡಿದ್ದೇನೆ.

ಸ್ಥಳ: ಒಂಬತ್ತನೇ ಕಂಬ
ದಿನಾಂಕ: ಘಟನೆ ನಡೆದ ದಿನವೇ
ರುಜು: ಟೇಲರಮ್ಮ